ಕ್ರಯಪತ್ರದಲ್ಲಿ ಇಲ್ಲದ ಒಂದು ಸಹಿ

ಮನೆಯನ್ನು ಕೊಳ್ಳಹೊರಟವನು ಮೊದಲು ಬೆಲೆ ಕೇಳುತ್ತಾನೆ, ಆಮೇಲೆ ದಿಕ್ಕು, ನೀರುಗಳನ್ನು ವಿಚಾರಿಸುತ್ತಾನೆ. ಮಾರುವವನಿಗೆ ಅದನ್ನು ಮಾರುವ ಅಧಿಕಾರ ಉಂಟೇ ಎಂಬ ಪ್ರಶ್ನೆ ಬಹುಮಟ್ಟಿಗೆ ಸಂಚಕಾರ ಕೊಟ್ಟ ಮೇಲೆಯೇ ಏಳುತ್ತದೆ. ಅಂಗಡಿಯಲ್ಲಿ ಒಂದು ಥಾನು ಬಟ್ಟೆಯನ್ನು ನಾಲ್ಕು ಸಲ ಬೆಳಕಿಗೆ ಹಿಡಿದು ನೋಡುವ ವರ್ತಕರೂ ಈ ವಿಷಯದಲ್ಲಿ ದಲಾಲಿಯ ಮಾತನ್ನೇ ನಂಬಿಬಿಡುವುದು ಸೋಜಿಗ.

ಹುಬ್ಬಳ್ಳಿಯ ಜವಳಿ ವರ್ತಕರೊಬ್ಬರು 2018ರಲ್ಲಿ ಕಿರಿಯ ಮಗನ ಸಂಸಾರಕ್ಕೆಂದು ಒಂದು ಮನೆಯನ್ನು ಗೊತ್ತು ಮಾಡಿದರು. ಮಾರುವವರು ಅದೇ ಬಸದಿಗೆ ಬರುವ ಮನೆತನದ ಇಬ್ಬರು ಸಹೋದರರು. ಉತಾರದಲ್ಲಿ ಅವರಿಬ್ಬರ ಹೆಸರೇ ಇತ್ತು. ಋಣಭಾರ ಪತ್ರವನ್ನು ತೆಗೆಸಿದಾಗ ಸಾಲವಾಗಲಿ, ಅಡಮಾನವಾಗಲಿ ಕಾಣಲಿಲ್ಲ. ತಾಯಿಯೂ ಸಹಿ ಹಾಕಲು ಸಿದ್ಧಳಿದ್ದಳು. ವಕೀಲರು ಮಾತ್ರ ಕಾಗದಗಳನ್ನು ಮಡಚಿಟ್ಟು, "ಹೆಣ್ಣುಮಕ್ಕಳು ಎಷ್ಟು ಮಂದಿ?" ಎಂದು ಕೇಳಿದರು.

ಒಬ್ಬಳು ಮಗಳಿದ್ದಳು, ಕೊಲ್ಲಾಪುರಕ್ಕೆ ಕೊಟ್ಟಿತ್ತು. "ಅಕ್ಕಗ ಲಗ್ನದಾಗ ಬಂಗಾರ ಹಾಕೇವಿ, ಆಕೀ ಲೆಕ್ಕ ಅವತ್ತ ಮುಗದದ" ಎಂದರು ಸಹೋದರರು. "ಸಾವಕಾರ್ರ, ಬಂಗಾರ ಬ್ಯಾರೆ, ಪಾಲು ಬ್ಯಾರೆ" ಎಂದರು ವಕೀಲರು.

ಹೆಣ್ಣುಮಕ್ಕಳ ಹಕ್ಕು 2005ರ ತಿದ್ದುಪಡಿಯಿಂದ ಬಂದದ್ದೆಂದು ನಮ್ಮ ಅನೇಕ ಮನೆಗಳಲ್ಲಿ ತಿಳಿವಳಿಕೆಯಿದೆ. ಇದು ಅರ್ಧ ಸತ್ಯ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳು ಹುಟ್ಟಿನಿಂದಲೇ ಮಗನಂತೆ ಸಹಭಾಗಿಯಾದುದು 2005ರಲ್ಲಿ. ಅದಕ್ಕೆ ತಂದೆ ಆಗ ಜೀವಂತನಿರಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿತು. ಆದರೆ ತಂದೆ ಸ್ವಂತ ದುಡಿಮೆಯಿಂದ ಕೊಂಡು, ಮೃತ್ಯುಪತ್ರ ಬರೆಯದೆ ತೀರಿಕೊಂಡರೆ, ಆ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿಯಿದ್ದರೆ ತಾಯಿ, ಇವರೆಲ್ಲರಿಗೂ ಸಮಪಾಲೆಂಬುದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಲ್ಲೇ ಇದೆ. ಆ ಅಧಿನಿಯಮ ತನ್ನ ಎರಡನೆಯ ಕಲಮಿನಲ್ಲಿಯೇ ಜೈನರನ್ನು ಹೆಸರಿಸಿ ಒಳಗೊಂಡಿದೆ. ಹುಬ್ಬಳ್ಳಿಯ ಆ ಮನೆ ಇಂಥದೇ. ಅಜ್ಜಿ ಇರಲಿಲ್ಲವಾಗಿ ತಾಯಿ ಮತ್ತು ಮೂವರು ಮಕ್ಕಳಿಗೆ ತಲಾ ನಾಲ್ಕನೆಯ ಒಂದು ಪಾಲು.

ಹಾಗಾದರೆ ಋಣಭಾರ ಪತ್ರದಲ್ಲಿ ಇದೇಕೆ ಕಾಣಲಿಲ್ಲ? ನೋಂದಣಿಯಾದ ವ್ಯವಹಾರಗಳು ಮಾತ್ರ ಅದರಲ್ಲಿ ಬರುತ್ತವೆ. ಮಗಳ ಪಾಲು ಯಾವ ಪತ್ರದಿಂದಲೂ ಹುಟ್ಟಿದ್ದಲ್ಲ. ತಂದೆಯ ಮರಣದಿಂದ ಹುಟ್ಟಿದ್ದು. ಉತಾರವೂ ಕರ ವಸೂಲಿಗೆ ಇಟ್ಟ ದಾಖಲೆಯೇ ಹೊರತು ಒಡೆತನದ ಪತ್ರವಲ್ಲವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಆಕೆ ಪಾಲು ಬಿಟ್ಟುಕೊಡುವುದಾದರೂ ಬಾಯಿಮಾತು ಸಾಲದು. ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಬೇಕು.

ವರ್ತಕರು ಪತ್ನಿಯೊಡನೆ ಕೊಲ್ಲಾಪುರಕ್ಕೆ ಹೋದರು. ತೌರುಮನೆ ಮಾರಾಟಕ್ಕಿದೆಯೆಂಬುದೇ ಆಕೆಗೆ ತಿಳಿದಿರಲಿಲ್ಲ. ಇದರಲ್ಲಿ ಪರೋಪಕಾರಕ್ಕಿಂತ ಸ್ವಹಿತವೇ ಹೆಚ್ಚಿತ್ತೆಂದರೆ ತಪ್ಪಾಗದು. ಆಕೆಯ ಸಹಿಯಿಲ್ಲದೆ ಕೊಂಡಿದ್ದರೆ ಅವರಿಗೆ ಸಿಗುತ್ತಿದ್ದುದು ಮುಕ್ಕಾಲು ಪಾಲು ಮಾತ್ರ. ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವನಿಗೆ ಜಂಟಿಯಾಗಿ ಸ್ವಾಧೀನ ಪಡೆಯುವ ಹಕ್ಕೂ ಇಲ್ಲ. ಆದರೂ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಕಲಮನ್ನು ಓದುವವರು ಒಂದು ಮಾತನ್ನು ಗಮನಿಸಬೇಕು. ಹಕ್ಕಿನಲ್ಲಿರುವ ದೋಷವನ್ನು ಮಾರುವವನು ಮುಚ್ಚಿಡಬಾರದೆಂದು ಹೇಳುವ ಆ ಕಲಮು, ಮಾರುವವನಿಗೆ ತಿಳಿಯದೆ ಅವನ ಹಕ್ಕಿನ ಬೆಲೆಯನ್ನು ಹೆಚ್ಚಿಸುವ ಸಂಗತಿ ಕೊಳ್ಳುವವನಿಗೆ ಗೊತ್ತಿದ್ದರೆ ಅವನೂ ಅದನ್ನು ತಿಳಿಸಬೇಕೆನ್ನುತ್ತದೆ. ಮೌನದಿಂದ ಗಳಿಸುವ ಲಾಭವನ್ನು ಲೌಕಿಕ ಕಾನೂನೂ ಒಪ್ಪುವುದಿಲ್ಲ.

ಆಕೆ ಪಾಲು ಬೇಕೆಂದಳು. ಆಗ ಸಹೋದರರು ಬೇರೊಂದು ಸೂಚನೆ ತಂದರು: ಬೆಲೆಯ ಮೂರನೆಯ ಒಂದು ಭಾಗ ನಗದಾಗಿ ಕೈಗೆ ಬರಲಿ, ಪತ್ರದಲ್ಲಿ ಉಳಿದದ್ದನ್ನು ಕಾಣಿಸೋಣ. ಸ್ಥಿರಾಸ್ತಿಗಾಗಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್‌ನಿಂದ ನಿಷೇಧಿಸಿದೆ. ಪಡೆದಷ್ಟೇ ಮೊತ್ತದ ದಂಡವೂ ಉಂಟು. ಮುದ್ರಾಂಕ ಶುಲ್ಕ ಉಳಿಸುವ ಉಪಾಯವೆಂದು ಇದನ್ನು ಎಲ್ಲರೂ ಹಗುರವಾಗಿ ಮಾತನಾಡುತ್ತಾರೆ. ಈ ಪ್ರಸಂಗದಲ್ಲಾದರೋ ಪತ್ರದ ಬೆಲೆ ಇಳಿದರೆ ಅಕ್ಕನ ಕಾಲು ಪಾಲೂ ತಾನಾಗಿ ಇಳಿಯುತ್ತಿತ್ತು. ಶ್ರಾವಕರ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಎಣಿಸಿದ್ದಾರೆ. ಸುಳ್ಳು ಬರಹ ಸರ್ಕಾರಕ್ಕಷ್ಟೇ ಅಲ್ಲ, ಮನೆಯವರಿಗೂ ಮೋಸವಾಗಬಲ್ಲದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ವರ್ತಕರು ಒಪ್ಪಲಿಲ್ಲ.

ಪೂರ್ತಿ ಬೆಲೆಗೆ ಕ್ರಯಪತ್ರವಾಗಲು ಐದು ತಿಂಗಳು ಹಿಡಿಯಿತು. ಹಣ ನಾಲ್ಕು ಖಾತೆಗಳಿಗೆ ಸಮನಾಗಿ ಹೋಯಿತು. ಸಹೋದರರು ಅಕ್ಕನೊಡನೆ ಮಾತು ಬಿಟ್ಟರು. ಅನ್ಯರ ಮನೆಯನ್ನು ಒಡೆದವರೆಂದು ವರ್ತಕರ ಮೇಲೂ ಬಸದಿಯ ಜಗಲಿಯಲ್ಲಿ ಆಡಿಕೊಂಡವರಿದ್ದರು; ಪರ್ಯೂಷಣದ ಕ್ಷಮಾವಣಿಯ ದಿನ ಹಿರಿಯ ಸಹೋದರ ಕೈಮುಗಿಯದೆ ಮುಂದೆ ಸಾಗಿದ್ದನ್ನು ಹಲವರು ಕಂಡರು. ಅವರ ಪತ್ನಿಗೆ ಆ ಮನೆಯ ಮೇಲಿನ ಆಸೆಯೇ ಅರ್ಧ ಕಡಿಮೆಯಾಯಿತು.

ಸಾಲದ ವಿಚಾರವೂ ಇಲ್ಲಿಯೇ ಬರುತ್ತದೆ. ಮಗ ಬ್ಯಾಂಕಿನಲ್ಲಿ ಮೂಲಪತ್ರಗಳನ್ನಿಟ್ಟು ಸಾಲ ಪಡೆದಿದ್ದ. ಪತ್ರಗಳನ್ನು ಒಪ್ಪಿಸಿದ ಮಾತ್ರಕ್ಕೇ ಮನೆ ಅಡಮಾನವಾಗುತ್ತದೆಂಬುದನ್ನು ಬಹಳ ಮಂದಿ ಅರಿಯರು. ಕೊಡುವಾಗ ಪ್ರತಿಯೊಂದು ಪತ್ರದ ಹೆಸರು, ದಿನಾಂಕ, ಪುಟಸಂಖ್ಯೆಗಳುಳ್ಳ ಪಟ್ಟಿಗೆ ಬ್ಯಾಂಕಿನ ರುಜು ಮೊಹರು ಪಡೆದುಕೊಳ್ಳಬೇಕು. ಆ ಮಗ ಪಡೆದಿದ್ದ. 2024ರಲ್ಲಿ ಬಡ್ಡಿ ಕಡಿಮೆಯೆಂದು ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಿದಾಗ ಆ ಪಟ್ಟಿಯೇ ಉಪಯೋಗಕ್ಕೆ ಬಂತು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲಿಯೇ ಆದೇಶಿಸಿತ್ತು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ಅದರ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ಪತ್ರಗಳು ಕೈಸೇರಿದರೂ ಕೆಲಸ ಮುಗಿಯದು. ಅಡಮಾನದ ಟಿಪ್ಪಣಿ ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಬಿಡುಗಡೆಯೂ ಅಲ್ಲಿಯೇ ನೋಂದಣಿಯಾಗಬೇಕು. ಇಲ್ಲವಾದರೆ ತೀರಿದ ಸಾಲ ಋಣಭಾರ ಪತ್ರದಲ್ಲಿ ತೀರದಂತೆಯೇ ಉಳಿದು ಮೊಮ್ಮಕ್ಕಳ ಕಾಲದಲ್ಲಿ ಎದ್ದು ಬರುತ್ತದೆ. ಆ ಮಗ ಹೊಸದಾಗಿ ಋಣಭಾರ ಪತ್ರ ತೆಗೆಸಿ, ಹಳೆಯ ಬ್ಯಾಂಕಿನ ಬಿಡುಗಡೆ ಅದರಲ್ಲಿ ಬಂದಿರುವುದನ್ನು ನೋಡಿಕೊಂಡ ಮೇಲೆಯೇ ಕಡತವನ್ನು ಕಟ್ಟಿಟ್ಟ. ಕಡತದ ಮೊದಲ ಹಾಳೆ ನಾಲ್ಕು ಸಹಿಗಳುಳ್ಳ ಕ್ರಯಪತ್ರ.