ಸಾದಲಿಯ ಬದುವಿನಲ್ಲಿ ಸೇವಂತಿಗೆಯ ನೆಂಟರು

ಶಿಡ್ಲಘಟ್ಟದಿಂದ ಸಾದಲಿಗೆ ಹೊರಟವರನ್ನು ಹಿಪ್ಪುನೇರಳೆ ತೋಟಗಳೂ ರಾಗಿಯ ಹೊಲಗಳೂ ಎದುರುಗೊಳ್ಳುತ್ತವೆ. ಕಾರ್ತಿಕದ ಒಂದು ಬೆಳಗು ನಾನಲ್ಲಿಗೆ ಹೋದುದು ದೊಡ್ಡಮ್ಮನನ್ನು ನೋಡಲೆಂದು. ಆದರೆ ಮನಸ್ಸು ಸೋತುದು ಹೊಲದ ಬದುವಿಗೆ.

ತೆನೆಬಾಗಿದ ರಾಗಿಯ ನಡುವೆ ಅಕ್ಕಡಿಸಾಲಿನ ಹುಚ್ಚೆಳ್ಳು ಹಳದಿಯಾಗಿ ಅರಳಿತ್ತು. ಬಿಡಿಸಿ ನೋಡಿದರೆ ಅದು ಒಂದು ಹೂವಲ್ಲ, ಹೂಗಳ ಸಂತೆ! ನಡುವಿನ ಗುಂಡಿಯಲ್ಲಿ ಒತ್ತೊತ್ತಾಗಿ ಪುಟ್ಟ ಹೂಗಳು. ಅಂಚಿನಲ್ಲಿ ನಾವು ದಳವೆಂದು ಭ್ರಮಿಸುವ ಒಂದೊಂದೂ ಮತ್ತೊಂದು ಹೂವು. ಸೇವಂತಿಗೆ, ಸೂರ್ಯಕಾಂತಿಗಳ ವಂಶಕ್ಕೆ ಇದೇ ಕುರುಹು. ಜಗತ್ತಿನಲ್ಲಿ ಈ ವಂಶದ ಪ್ರಭೇದಗಳು 30,000ಕ್ಕೂ ಮಿಕ್ಕಿವೆ.

ತಲೆಗೆ ಎಣ್ಣೆ ಕಾಯಿಸಲು ಗರಗದ ಸೊಪ್ಪು ಬೇಕೆಂದು ದೊಡ್ಡಮ್ಮ ಹೇಳಿದ್ದರು. ಬಿಳಿಯ ಹೂವಿನ ಗಿಡಗಳನ್ನು ಕಿತ್ತು ಹೆಮ್ಮೆಯಿಂದ ತಂದೆ. ಅವರು ಮೊರಕ್ಕೆ ಸುರುವಿ ನಕ್ಕರು.

“ಇದು ಗರಗ ಅಲ್ಲ ಕಣಪ್ಪ, ಗಡ್ಡಿಚಾಮಂತಿ.”

ಗರಗ ಬೆಳೆಯುವುದು ತೇವದ ನೆಲದಲ್ಲಿ. ಅದರ ಅಂಚಿನ ಹೂಗಳು ಎಳೆಯಂತೆ ಸಣ್ಣ. ನಾನು ತಂದುದರಲ್ಲಿ ಉದ್ದ ತೊಟ್ಟು, ಹಳದಿ ಗುಂಡಿ, ತುದಿ ಮೂರಾಗಿ ಸೀಳಿದ ಎಸಳು. ಅಮೆರಿಕ ಖಂಡದಿಂದ ಬಂದ ಈ ಗಿಡಕ್ಕೆ ಸ್ವೀಡನ್ನಿನ ಲಿನೇಯಸ್ 1753ರಲ್ಲಿ ‘ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್’ ಎಂದು ಹೆಸರಿಟ್ಟ. ನೆಲಕ್ಕೊರಗಿದುದು ಎಂಬುದು ಎರಡನೆಯ ಪದದ ಅರ್ಥ. ತೆಲುಗು ಬೆರೆತ ಈ ಸೀಮೆಯಲ್ಲಿ ಅದು ಹುಲ್ಲುಸೇವಂತಿಗೆ. ನೋಡಿದವನ ಕಣ್ಣು ಎರಡರಲ್ಲಿಯೂ ಉಂಟು.

ಮೊರದಲ್ಲಿ ನೇರಳೆ ಹೂವಿನ ಸಹದೇವಿಯೂ ಇತ್ತು. ಲಿನೇಯಸ್ ಅದನ್ನು ಕೊನೈಜಾ ಎಂದ, 1829ರಲ್ಲಿ ವರ್ನೋನಿಯಾ ಆಯಿತು, 1990ರಲ್ಲಿ ಸಯಾಂತಿಲಿಯಂ. ಪಂಡಿತರು ಮನೆ ಬದಲಿಸಿದರೂ ‘ಬೂದಿಬಣ್ಣದ್ದು’ ಎಂಬ ವಿಶೇಷಣವನ್ನು ಮಾತ್ರ ಬಿಡಲಿಲ್ಲ. ದೊಡ್ಡಮ್ಮನಿಗೆ ಅದು ಅಂದೂ ಸಹದೇವಿ, ಇಂದೂ ಸಹದೇವಿ.

ಸಂಜೆ ಅವರೊಡನೆ ಗರಗ ಹುಡುಕುತ್ತ ಕಾಲುವೆಯ ಅಂಚಿಗೆ ಹೋದೆ. ದಾರಿಯುದ್ದಕ್ಕೂ ಕಾಂಗ್ರೆಸ್ ಗಿಡ. ಅದೂ ಇದೇ ವಂಶದ್ದು! 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಪಾರ್ಥೇನಿಯಂ ದೇಶವನ್ನೇ ಆವರಿಸಿತು. ಮೈಗೆ ತುರಿಕೆ, ಹಲವರಿಗೆ ಉಬ್ಬಸ. ಅದನ್ನು ತಿನ್ನಲೆಂದು ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಗಿಡ ಇನ್ನೂ ಸೋತಿಲ್ಲ.

“ಇಲ್ಲೆಲ್ಲ ಗರಗವೇ ಇತ್ತು,” ಎಂದರು ದೊಡ್ಡಮ್ಮ.

ಜೊತೆಗಿದ್ದ ಮೊಮ್ಮಗಳು ಕಾಂಗ್ರೆಸ್ ಗಿಡವೊಂದನ್ನೇ ಬಲ್ಲವಳು. ಕೊನೆಗೆ ಕಲ್ಲಿನ ಸಂದಿಯಲ್ಲಿ ನಾಲ್ಕು ಗರಗದ ಗಿಡ ಸಿಕ್ಕವು. ದೊಡ್ಡಮ್ಮ ಎರಡನ್ನು ಕಿತ್ತು, ಎರಡನ್ನು ಬೀಜಕ್ಕೆ ಬಿಟ್ಟರು. ಹುಡುಗಿ ಎಲೆಯೊಂದನ್ನು ನೋಟ್‌ಬುಕ್ಕಿನ ಹಾಳೆಗಳ ನಡುವೆ ಒತ್ತಿ, ಕೆಳಗೆ ‘ಗರಗ’ ಎಂದು ಬರೆದುಕೊಂಡಳು.