ಕೂದಲೂ ಕಾಲವೂ

ಮನುಷ್ಯನ ಮೈಯಲ್ಲಿ ಕೂದಲಿನಷ್ಟು ವಿಚಿತ್ರವಾದ ಮರ್ಯಾದೆ ಪಡೆದ ವಸ್ತು ಬೇರೊಂದಿಲ್ಲ. ಅದನ್ನು ಕತ್ತರಿಸಿಕೊಳ್ಳಲು ಜನ ತಾವಾಗಿ ಹಣ ಕೊಡುತ್ತಾರೆ. ಹರಕೆ ಹೊತ್ತು ತಿರುಪತಿಯ ಬೆಟ್ಟವೇರಿ ಸಂತೋಷದಿಂದ ಮುಡಿ ಒಪ್ಪಿಸಿ ಬರುತ್ತಾರೆ. ಹಾಗೆ ಕೊಟ್ಟುಬಂದವರ ಬೋಳು ತಲೆಯನ್ನು ಕಂಡರೆ ನೆರೆಹೊರೆಯವರು ಪ್ರಸಾದಕ್ಕೆ ಕೈಯೊಡ್ಡುತ್ತಾರೆ. ಆದರೆ ಯಾವ ದೇವರಿಗೂ ಸಲ್ಲದೆ, ಒಂದು ಬೆಳಗ್ಗೆ ತಲೆದಿಂಬಿನ ಮೇಲೆ ತಾನಾಗಿ ಉದುರಿಬಿದ್ದ ಹಿಡಿ ಕೂದಲನ್ನು ಕಂಡಾಗ ಅದೇ ಜನರ ಎದೆ ಧಸಕ್ಕೆನ್ನುತ್ತದೆ. ಕೊಟ್ಟ ಕೂದಲಿಗೆ ಪುಣ್ಯ. ಹೋದ ಕೂದಲಿಗೆ ನಾಚಿಕೆ.

ರೋಣ ತಾಲ್ಲೂಕಿನ ಮೆಣಸಗಿ, ಬೆಣ್ಣೆಹಳ್ಳವು ಮಲಪ್ರಭೆಯನ್ನು ಕೂಡುವ ಎಡೆಯಲ್ಲಿರುವ ಊರು. ಸುತ್ತಲೂ ಎರೆಭೂಮಿ; ಹಿಂಗಾರಿಗೆ ಬಿಳಿಜೋಳ, ಕಡಲೆ. ಇಂಥ ಊರಿನಲ್ಲಿ ತಲೆಯನ್ನು ಮರೆಮಾಡುವುದು ಹಿಂದಿನವರಿಗೆ ಕಷ್ಟವಾಗಿರಲಿಲ್ಲ. ಗಂಡಸರ ತಲೆಗೆ ರುಮಾಲು, ಇಲ್ಲವೆ ಗಾಂಧಿ ಟೊಪ್ಪಿಗೆ. ಹೆಂಗಸರ ತಲೆಗೆ ಸೆರಗು. ಆ ಮರೆಯೊಳಗಿನ ಸಂಗತಿ ಎಣ್ಣೆ ಹಚ್ಚಿ ಬಾಚುವ ತಾಯಿಗೆ, ಕತ್ತರಿ ಹಿಡಿದ ಕ್ಷೌರಿಕನಿಗೆ ಮಾತ್ರ ಗೊತ್ತು. ರೂಪಾಯಿ ನಾಣ್ಯದಗಲದ ನುಣುಪಾದ ಬೋಳು ಮೊದಲು ಕಾಣುವುದೂ ಅವರಿಗೇ. “ತಲಿಗಿ ಹುಳಾ ತಿಂದೈತಿ” ಎಂದು ಹಿರಿಯರು ನಿರ್ಣಯ ಹೇಳಿಬಿಡುತ್ತಾರೆ. ಹುಡುಕಿದರೆ ಹುಳ ಸಿಕ್ಕುವುದಿಲ್ಲ. ಇಂದು ಆ ಮನೆಯ ಮೊಮ್ಮಗಳು ಹುಬ್ಬಳ್ಳಿಗೋ ಬೆಂಗಳೂರಿಗೋ ನೌಕರಿಗೆ ಹೋಗುತ್ತಾಳೆ. ಅಲ್ಲಿ ಸೆರಗಿಲ್ಲದ ಉಡುಪು. ನೆತ್ತಿಯ ಮೇಲೆ ವಿದ್ಯುದ್ದೀಪ. ಎಲ್ಲರ ಕೈಯಲ್ಲಿಯೂ ಚಿತ್ರ ತೆಗೆಯುವ ಮೊಬೈಲು. ಮರೆ ಹೋಗಿದೆ, ನಾಚಿಕೆ ಮಾತ್ರ ಉಳಿದಿದೆ.

ವೈದ್ಯಶಾಸ್ತ್ರವು ಈ ವ್ಯಾಧಿಯನ್ನು ಅಲೊಪೀಸಿಯಾ ಏರಿಯೇಟಾ ಎನ್ನುತ್ತದೆ. ಗ್ರೀಕರ ನುಡಿಯಲ್ಲಿ ಅಲೊಪೆಕ್ಸ್ ಎಂದರೆ ನರಿ. ಕಜ್ಜಿ ಹತ್ತಿ ತುಪ್ಪಳ ಉದುರಿದ ನರಿಯನ್ನು ನೆನೆದು ಇಟ್ಟ ಹೆಸರು. ಸುಶ್ರುತ ಸಂಹಿತೆಯಲ್ಲಿ ಬರುವ ಕೇಶನಾಶದ ಹೆಸರು ಇಂದ್ರಲುಪ್ತ. ಅವರು ನರಿಯನ್ನು ಎಳೆದುತಂದರು, ಇವರು ದೇವೇಂದ್ರನನ್ನೇ ಎಳೆದುತಂದರು. ತಪ್ಪು ಇಬ್ಬರದೂ ಅಲ್ಲವೆಂದು ತಿಳಿಯಲು ಬಹುಕಾಲ ಬೇಕಾಯಿತು.

ಇದು ಸಾಮಾನ್ಯವಾದ ಬೊಕ್ಕತಲೆಯಲ್ಲ. 2017ರಲ್ಲಿ ತೆರೆಕಂಡ ‘ಒಂದು ಮೊಟ್ಟೆಯ ಕಥೆ’ ಚಿತ್ರದ ನಾಯಕನೊಬ್ಬ ಕನ್ನಡ ಉಪನ್ಯಾಸಕ. ತಲೆ ಬೋಳಾದ ಅವನಿಗೆ ಹೆಣ್ಣು ಗೊತ್ತಾಗದ ಪಾಡನ್ನು ಕಂಡು ಪ್ರೇಕ್ಷಕರು ನಕ್ಕರು, ಮರುಗಿದರು. ಗಂಡಸರಲ್ಲಿ ಸಾಮಾನ್ಯವಾದ ಆ ಬೋಳು ವಂಶದ ಬಳುವಳಿಯಾಗಿ, ವರ್ಷಗಳ ನಡೆಯಲ್ಲಿ ಮೆಲ್ಲಗೆ ಬರುತ್ತದೆ. ಅದಕ್ಕೆ ಸಿದ್ಧನಾಗಲು ಮನುಷ್ಯನಿಗೆ ಅವಕಾಶವುಂಟು. ಇದು ಹಾಗಲ್ಲ. ಗಂಡು ಹೆಣ್ಣೆನ್ನದೆ, ಎಳೆಯರು ಬೆಳೆದವರೆನ್ನದೆ, ಬದುಕಿನ ಯಾವುದಾದರೊಂದು ಘಟ್ಟದಲ್ಲಿ ನೂರರಲ್ಲಿ ಸುಮಾರು ಇಬ್ಬರನ್ನು ಹಠಾತ್ತನೆ ಮುಟ್ಟುತ್ತದೆ. ಕೆಲವರಲ್ಲಿ ಒಂದೆರಡು ಬಿಲ್ಲೆಗಳಿಗೆ ನಿಲ್ಲುತ್ತದೆ. ಕೆಲವರಲ್ಲಿ ಇಡೀ ತಲೆ, ಹುಬ್ಬು, ರೆಪ್ಪೆ, ಮೈಮೇಲಿನ ರೋಮವನ್ನೂ ಬಿಡುವುದಿಲ್ಲ. ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳು ಕೂದಲಿನ ಬೇರನ್ನೇ ಶತ್ರುವೆಂದು ಭ್ರಮಿಸಿ ಮುತ್ತುತ್ತವೆ. ಸೂಕ್ಷ್ಮದರ್ಶಕದಲ್ಲಿ ಆ ಮುತ್ತಿಗೆಯನ್ನು ಕಂಡವರು ಅದನ್ನು ಜೇನುಹುಳುಗಳ ಹಿಂಡಿಗೆ ಹೋಲಿಸಿದ್ದಾರೆ. ಹಿರಿಯರು ಹೇಳಿದ ‘ಹುಳ’ ಅಷ್ಟರಮಟ್ಟಿಗೆ ನಿಜವಾಯಿತು! ಆದರೆ ಬೇರು ಸಾಯುವುದಿಲ್ಲ. ಮಳೆ ತಪ್ಪಿದ ಎರೆಹೊಲದಂತೆ ನೆಲ ಬರಿದಾಗಿ ಕಂಡರೂ ಒಳಗಿನ ಕಸುವು ಉಳಿದಿರುತ್ತದೆ. ಆಸೆಯೂ ಅಲ್ಲಿಯೇ ಇದೆ, ಮೋಸಕ್ಕೆ ಎಡೆಯೂ ಅಲ್ಲಿಯೇ ಇದೆ.

ಮೋಸವೇಕೆಂದರೆ, ಒಂದೆರಡು ಬಿಲ್ಲೆಗಳಷ್ಟೇ ಇರುವ ಅನೇಕರಲ್ಲಿ ವರ್ಷದೊಳಗೆ ಕೂದಲು ತಾನಾಗಿ ಮರಳಿ ಬರುತ್ತದೆ. ಆ ವರ್ಷದಲ್ಲಿ ಹಚ್ಚಿದ್ದೆಲ್ಲ ರಾಮಬಾಣವೆನಿಸುತ್ತದೆ. ಈರುಳ್ಳಿಯ ರಸ ಉಜ್ಜಿದವರು ಈರುಳ್ಳಿಯನ್ನು ಹೊಗಳುತ್ತಾರೆ. ಹರಕೆ ಹೊತ್ತವರು ದೇವರನ್ನು ಕೊಂಡಾಡುತ್ತಾರೆ. ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಹಕ್ಕಿಪಿಕ್ಕಿ ಜನರ ಗಿಡಮೂಲಿಕೆಯ ತಲೆಯೆಣ್ಣೆ ಈಚಿನ ವರ್ಷಗಳಲ್ಲಿ ದೇಶವೆಲ್ಲ ಹೆಸರಾಗಿದೆ. ಎಣ್ಣೆಯ ಗುಣವನ್ನು ಇಲ್ಲಿ ಅಳೆಯಬೇಕಾಗಿಲ್ಲ. ಎಣ್ಣೆಯ ಉಪಚಾರ ಕೂದಲಿಗೆ, ಈ ಬೇನೆಯಾದರೋ ಕೂದಲಿನದಲ್ಲ, ಕಾವಲುಗಾರರದು. ಬೋಳುತಲೆಯನ್ನು ಗುಣಪಡಿಸುವುದಾಗಿ ಔಷಧದ ಹೆಸರಿನಲ್ಲಿ ಸಾರಬಾರದೆಂದು ಭಾರತದ ಔಷಧ ನಿಯಮಗಳ ‘ಜೆ’ ಅನುಸೂಚಿ ಹೇಳುತ್ತದೆ. ಜಾಹೀರಾತುಗಳು ಆ ಅನುಸೂಚಿಯನ್ನು ಓದಿದಂತೆ ಕಾಣುವುದಿಲ್ಲ.

ವೈದ್ಯರ ಚೀಲದಲ್ಲಿಯೂ ಬಹಳ ಕಾಲ ಹೆಚ್ಚೇನಿರಲಿಲ್ಲ. ಬಿಲ್ಲೆಯೊಳಗೆ ಚುಚ್ಚುವ ಸ್ಟೀರಾಯ್ಡ್ ಸೂಜಿ; ತಲೆಗೆ ಬೇಕೆಂದೇ ತುರಿಕೆ ತರಿಸಿ ಬಿಳಿ ಕಣಗಳ ಗಮನವನ್ನು ಬೇರೆಡೆ ಸೆಳೆಯುವ ರಾಸಾಯನಿಕ; ಉಳಿದದ್ದು ಸಮಾಧಾನದ ಮಾತು. ದಾರಿ ತೆರೆದದ್ದು 2010ರಲ್ಲಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಏಂಜೆಲಾ ಕ್ರಿಸ್ಟಿಯಾನೊ ಮತ್ತು ಸಂಗಡಿಗರು ಸಾವಿರಕ್ಕೂ ಮಿಕ್ಕ ರೋಗಿಗಳ ವಂಶವಾಹಿಗಳನ್ನು ಪರೀಕ್ಷಿಸಿ, ಈ ವ್ಯಾಧಿಯ ಬಂಧುಗಳು ಯಾರೆಂದು ತೋರಿಸಿಕೊಟ್ಟರು: ಸಂಧಿವಾತ, ಎಳೆಯರ ಮಧುಮೇಹ ಮೊದಲಾದ ಸ್ವಯಂವೈರದ ಬೇನೆಗಳು. ಈ ವಿದುಷಿಯ ತಲೆಯನ್ನೂ ಅದೇ ಬೇನೆ ಮುಟ್ಟಿತ್ತು. 2014ರಲ್ಲಿ ಅದೇ ತಂಡ, ದಾಳಿಯ ಆಜ್ಞೆಯನ್ನು ಕಣಗಳೊಳಗೆ ಸಾಗಿಸುವ ‘ಜಾನಸ್ ಕೈನೇಸ್’ ಎಂಬ ಕಿಣ್ವವನ್ನು ತಡೆದರೆ ಬೇರು ಮತ್ತೆ ಚಿಗುರುವುದನ್ನು ಮೊದಲು ಇಲಿಗಳಲ್ಲಿ, ಆಮೇಲೆ ಮೂವರು ರೋಗಿಗಳಲ್ಲಿ ಕಂಡಿತು. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಮೈಮೇಲೆ ಒಂದು ರೋಮವೂ ಇಲ್ಲದಿದ್ದ ತರುಣನೊಬ್ಬನಿಗೆ ಸಂಧಿವಾತದ ಗುಳಿಗೆ ಕೊಟ್ಟು ತಲೆತುಂಬ ಕೂದಲು ಬಂದುದನ್ನು ವರದಿಮಾಡಿದರು.

ಒಬ್ಬನಿಗೆ ಬಂದದ್ದು ಸುದ್ದಿ. ನೂರಾರು ಜನರಲ್ಲಿ ಎಣಿಸಿದ್ದು ಶಾಸ್ತ್ರ. ಬ್ಯಾರಿಸಿಟಿನಿಬ್ ಎಂಬ ಗುಳಿಗೆಯ ಎರಡು ದೊಡ್ಡ ಪರೀಕ್ಷೆಗಳಲ್ಲಿ ಒಟ್ಟು 1,200 ಮಂದಿ ವಯಸ್ಕರು ಸೇರಿದರು. ಎಲ್ಲರೂ ತಲೆಯ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಕೂದಲು ಕಳೆದುಕೊಂಡವರು. ತಾನಾಗಿ ಬರುವ ಕೂದಲನ್ನೂ ಗುಳಿಗೆ ತಂದ ಕೂದಲನ್ನೂ ಬೇರ್ಪಡಿಸಲು ಕೆಲವರಿಗೆ ಔಷಧವಿಲ್ಲದ ಹುಸಿಗುಳಿಗೆ ಕೊಡಲಾಯಿತು. 36 ವಾರಗಳ ಕೊನೆಗೆ ತಲೆಯ ಐದರಲ್ಲಿ ನಾಲ್ಕು ಪಾಲಾದರೂ ಕೂದಲು ತುಂಬಿದವರು, ದಿನಕ್ಕೆ 4 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ನೂರಕ್ಕೆ 36ರಿಂದ 39. ಹುಸಿಗುಳಿಗೆಯವರಲ್ಲಿ 3ರಿಂದ 6. ಹಾಲಿವುಡ್ಡಿನ ಆಸ್ಕರ್ ವೇದಿಕೆಯ ಮೇಲೆ ನಟಿ ಜೇಡಾ ಪಿಂಕೆಟ್ ಸ್ಮಿತ್ ಅವರ ಬೋಳು ತಲೆಯನ್ನು ಗೇಲಿಮಾಡಿದ್ದಕ್ಕೆ ಅವರ ಗಂಡ ಕೈಯೆತ್ತಿದ್ದು 2022ರ ಮಾರ್ಚಿನಲ್ಲಿ. ಅಮೆರಿಕದ ಸರ್ಕಾರ ತೀವ್ರ ಬಾಧೆಯ ವಯಸ್ಕರಿಗೆ ಈ ಗುಳಿಗೆಯನ್ನು ಒಪ್ಪಿದ್ದು ಅದೇ ವರ್ಷದ ಜೂನಿನಲ್ಲಿ. ಭಾರತಕ್ಕೆ ಈ ಔಷಧ ಅಪರಿಚಿತವಲ್ಲ. 2021ರಲ್ಲಿ ಕೊರೋನಾದ ಎರಡನೆಯ ಅಲೆಯ ವೇಳೆ ಇದನ್ನೇ ತುರ್ತು ಬಳಕೆಗೆ ಅನುಮತಿಸಿ ಇಲ್ಲಿಯ ಕಂಪೆನಿಗಳು ತಯಾರಿಸತೊಡಗಿದ್ದವು.

ಕಥೆ ಇಲ್ಲಿಗೇ ಮುಗಿದಿದ್ದರೆ ಸುಖಾಂತವಾಗುತ್ತಿತ್ತು. ಆದರೆ ಸಂಶೋಧಕರು ಇನ್ನೊಂದು ಪ್ರಶ್ನೆ ಕೇಳಿದರು: ಬಂದ ಕೂದಲು ನಿಲ್ಲುತ್ತದೆಯೇ? ಗುಳಿಗೆಯನ್ನು ಬಿಡದೆ ಮುಂದುವರಿಸಿದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿಯ ಫಲ ಎರಡನೆಯ ವರ್ಷದ ಕೊನೆಗೂ ಉಳಿದಿತ್ತು. ಮೊದಲ ವರ್ಷ ಬಾರದ ಕೂದಲು ಎರಡನೆಯ ವರ್ಷ ಬಂದವರೂ ಇದ್ದರು. ಕೂದಲು ಬಂದ ಇನ್ನು ಕೆಲವರಿಗೆ ಒಂದು ವರ್ಷದ ಬಳಿಕ, ಅವರಿಗೆ ತಿಳಿಯದಂತೆ, ಹುಸಿಗುಳಿಗೆ ಕೊಟ್ಟು ನೋಡಿದರು. 152ನೆಯ ವಾರದ ಹೊತ್ತಿಗೆ ಅವರಲ್ಲಿ ಐವರಲ್ಲಿ ಸುಮಾರು ನಾಲ್ವರು ಪಡೆದದ್ದನ್ನು ಕಳೆದುಕೊಂಡಿದ್ದರು. ಗುಳಿಗೆಯು ಕಾವಲುಗಾರರ ಕೈ ಹಿಡಿದು ನಿಲ್ಲಿಸುತ್ತದೆ, ಅವರ ಭ್ರಮೆಯನ್ನು ಕಳೆಯುವುದಿಲ್ಲ. ಕೈ ಬಿಟ್ಟೊಡನೆ ಮತ್ತೆ ಮುತ್ತಿಗೆ.

ಹಾಗಾದರೆ ಬದುಕೆಲ್ಲ ನುಂಗುತ್ತಿದ್ದರಾಯಿತಲ್ಲ ಎನ್ನಬಹುದು. ಜಾನಸ್ ಎಂಬುದು ರೋಮನರ ಬಾಗಿಲ ದೇವತೆಯ ಹೆಸರು; ಆತನಿಗೆ ಎರಡು ಮುಖ. ಆತನ ಹೆಸರಿನ ಕಿಣ್ವವನ್ನು ತಡೆಯುವ ಔಷಧಕ್ಕೂ ಮುಖಗಳು ಎರಡು. ಸಂಧಿವಾತದ ಹಿರಿಯ ರೋಗಿಗಳಿಗೆ ಇದೇ ಕುಲದ ಇನ್ನೊಂದು ಗುಳಿಗೆಯನ್ನು ಕೊಟ್ಟು ನಡೆಸಿದ ಅಧ್ಯಯನದಲ್ಲಿ ಹೃದಯಾಘಾತ, ರಕ್ತದ ಹೆಪ್ಪು, ಅರ್ಬುದ ಇವು ಹೆಚ್ಚಾಗಿ ಕಂಡದ್ದರಿಂದ 2021ರಲ್ಲಿ ಅಮೆರಿಕ ಈ ಕುಲದ ಗುಳಿಗೆಗಳಿಗೆ ಕಟ್ಟೆಚ್ಚರಿಕೆ ಹಚ್ಚಿತು. ಕೂದಲಿನ ರೋಗಿಗಳು ಬಹುಮಟ್ಟಿಗೆ ತರುಣರು. ಅವರ ಪರೀಕ್ಷೆಗಳಲ್ಲಿ ಅಂಥ ಅವಘಡಗಳು ವಿರಳ. ಆದರೂ ಕ್ಷಯ ಇನ್ನೂ ಮನೆಮಾಡಿಕೊಂಡಿರುವ ನಾಡಿನಲ್ಲಿ, ಮೈಯೊಳಗೆ ಮಲಗಿರುವ ಕ್ಷಯವನ್ನು ಮೊದಲು ಪರೀಕ್ಷಿಸದೆ ಈ ಗುಳಿಗೆಯನ್ನು ಮುಟ್ಟಬಾರದು. ರಕ್ತವನ್ನು ಆಗಾಗ್ಗೆ ಪರೀಕ್ಷಿಸಬೇಕು. ಬಸುರಿಯಾಗಬಯಸುವವಳು ಮೊದಲೇ ಇದನ್ನು ನಿಲ್ಲಿಸಬೇಕು.

ಮೆಣಸಗಿಯಂಥ ಊರಿನ ಮನೆಯ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಮಾತು ಈ ಕೊನೆಯದೇ. ಮದುವೆಗೆ ಬಂದ ಮಗಳಿದ್ದಾಳೆ, ಅವಳ ತಲೆಯ ಮುಕ್ಕಾಲು ಬೋಳಾಗಿದೆ ಎಂದು ಓದುಗರು ಭಾವಿಸಿಕೊಳ್ಳಲಿ. ತಂದೆಯ ಲೆಕ್ಕ ಸರಳ: ಗುಳಿಗೆ ಕೊಡಿಸುವುದು, ಕೂದಲು ಬಂದೊಡನೆ ಹೆಣ್ಣು ತೋರಿಸುವುದು, ಅಕ್ಕಿಕಾಳು ಬಿದ್ದಮೇಲೆ ಯಾರೂ ಕೇಳುವಂತಿಲ್ಲ. ಆದರೆ ಗುಳಿಗೆ ತನ್ನ ಫಲವನ್ನು ತೋರಿಸಲು ಎಂಟು ತಿಂಗಳಿಗೂ ಮಿಕ್ಕು ಬೇಕು, ತೋರಿಸದೆಯೂ ಇರಬಹುದು. ತೋರಿಸಿತೆಂದೇ ಇಟ್ಟುಕೊಳ್ಳಿ. ಮದುವೆಯಾದ ಮರುವರ್ಷ ಮನೆ ತುಂಬ ಮಗುವಿನ ಆಸೆ, ಗುಳಿಗೆ ನಿಲ್ಲಬೇಕು. ಆಗ ಉದುರಬಹುದಾದ ಕೂದಲು ತವರಿನ ದಿಂಬಿನ ಮೇಲಲ್ಲ, ಅತ್ತೆಯ ಮನೆಯ ದಿಂಬಿನ ಮೇಲೆ ಉದುರುತ್ತದೆ. ತಂದೆ ಮುಚ್ಚಿಟ್ಟ ಮಾತಿಗೆ ಮಗಳು ಒಬ್ಬಳೇ ಉತ್ತರ ಕೊಡಬೇಕಾಗುತ್ತದೆ.

ಗುಟ್ಟನ್ನು ಕಾಪಾಡುವ ಔಷಧ ಇದಲ್ಲ ಎಂಬುದೇ ದೀರ್ಘಕಾಲದ ಆ ಪರೀಕ್ಷೆಗಳಿಂದ ಸಾಮಾನ್ಯ ಸಂಸಾರ ಕಲಿಯಬೇಕಾದ ಪಾಠ. ಇದನ್ನು ನುಂಗುವವಳಿಗೆ ನಿಜ ತಿಳಿದ ಗಂಡ ಬೇಕು, ನಿಜ ತಿಳಿದ ಅತ್ತೆ ಬೇಕು. ಹೆಣ್ಣು ನೋಡಲು ಬಂದವರೆದುರು ಉಪ್ಪಿಟ್ಟಿನ ತಟ್ಟೆ ಇಟ್ಟ ಮೇಲೆ ಈ ಮಾತನ್ನು ಎತ್ತುವುದು ಸುಲಭವಲ್ಲ, ಎದ್ದುಹೋಗುವವರು ಹೋಗುತ್ತಾರೆ. ಆದರೆ ಕುಳಿತವರು ಕೂದಲಿಗಾಗಿ ಕುಳಿತವರಲ್ಲ. ಬೋಳು ತಲೆಯೊಡನೆಯೇ ನೆಮ್ಮದಿಯಿಂದ ಬಾಳುತ್ತೇನೆಂದು ಗುಳಿಗೆಯನ್ನೇ ಬೇಡವೆನ್ನುವ ಹಕ್ಕೂ ಆ ಮಗಳಿಗುಂಟು, ಅದು ಸೋಲಲ್ಲ. ಈ ವ್ಯಾಧಿ ಅಂಟುವುದಿಲ್ಲ, ದುಡಿಮೆಗೆ ಅಡ್ಡಬರುವುದಿಲ್ಲ, ಆಯುಷ್ಯವನ್ನು ಕಡಿಯುವುದಿಲ್ಲ.

ಬೇಸಗೆಯಲ್ಲಿ ಬೆಣ್ಣೆಹಳ್ಳದ ಪಾತ್ರವನ್ನು ನೋಡಿದ ಪರಸ್ಥಳದವರಿಗೆ ಇದೂ ಒಂದು ಹಳ್ಳವೇ ಎನಿಸೀತು. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆ ಉಕ್ಕಿ ರೋಣ ತಾಲ್ಲೂಕಿನ ದಂಡೆಯ ಊರುಗಳನ್ನು ನುಗ್ಗಿದ್ದನ್ನು ಕಂಡವರು ಹಾಗೆನ್ನುವುದಿಲ್ಲ. ನೀರು ಇಳಿಯಿತೆಂದು ಅವರು ನಂಬುತ್ತಾರೆ. ಇನ್ನೆಂದೂ ಬಾರದೆಂದು ನಂಬುವುದಿಲ್ಲ. ಬಿತ್ತುವುದನ್ನು ಬಿಡುವುದೂ ಇಲ್ಲ. ಚರ್ಮವೈದ್ಯರ ಮುಂದೆ ಕುಳಿತವರು “ಕೂದಲು ಬರುತ್ತದೆಯೇ?” ಎಂದು ಕೇಳುವುದು ಸಹಜ. ಅದರ ಹಿಂದೆಯೇ “ಎಷ್ಟು ವರ್ಷ ನುಂಗಬೇಕು? ನಿಲ್ಲಿಸಿದರೆ ಏನು? ನಡುವೆ ಏನನ್ನು ಪರೀಕ್ಷಿಸುತ್ತೀರಿ?” ಎಂದೂ ಕೇಳಬೇಕು. ಮಗಳು ಜೊತೆಗಿದ್ದರೆ, ಆ ಪ್ರಶ್ನೆಗಳನ್ನು ಅವಳೇ ಕೇಳಲಿ.