ದುರ್ಗದ ಅರ್ಕಾವೊತ್ತು ಸರಿ ಬರಲಿ

1/6
ಫೋಟೊ ನೋಡಿ ಎರಡು ಸಲ ತಟ್ಟಿ ಮುಂದೆ ಹೋಗೋರಿಗೆ ಮೊದಲೇ ಹೇಳಿಬಿಡ್ತೀನಿ, ಇದು ಉದ್ದ ಇದೆ. ಒಂದು ಕ್ಯಾಪ್ಷನ್‌ನಲ್ಲಿ 2200 ಅಕ್ಷರಕ್ಕಿಂತ ಜಾಸ್ತಿ ಹಿಡಿಸಲ್ಲ, ಅದಕ್ಕೇ ಆರು ಭಾಗ. ಚಹಾ ಇಟ್ಕೊಂಡು ಓದಿ.

ಈ ಸಲದ ನಮ್ಮ ಕಾಲೇಜು ಸಂಚಿಕೆ ಕೈಗೆ ಬಂದಾಗ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ: "ಯಾರ ಹತ್ರ ಮಾಡಿಸಿದ್ರಿ?" ಯಾರ ಹತ್ರಾನೂ ಅಲ್ಲ ಮಾರಾಯ್ರೇ. ನಾವು ನಾಲ್ಕು ಜನ ಕೂತು ಮಾಡಿದ್ದು. 64 ಪುಟ, ಮುಖಪುಟ ಲೇಖನ ಕವಲೇದುರ್ಗ. ಶುರು ಮಾಡಿದ ದಿನ ನಮ್ಮಲ್ಲಿ ಒಬ್ಬರಿಗೂ ಪುಟ ವಿನ್ಯಾಸದ ಸಾಫ್ಟ್‌ವೇರ್ ಗೊತ್ತಿರಲಿಲ್ಲ. ಕ್ಯಾಮೆರಾ ಅಂದ್ರೆ ಮೊಬೈಲ್ ಅಂತಲೇ ಲೆಕ್ಕ. ಏನೇನು ಕಲಿತೆವು ಅಂತ ಬರೀತಿದ್ದೀನಿ, ಮುಂದಿನ ವರ್ಷ ಇದನ್ನು ಮಾಡಬೇಕಾದವರು ನೀವೇ ಆದ್ದರಿಂದ.

2/6
ಈ ಫೋಟೊದಲ್ಲಿ ಮಂಜು ಬಿಟ್ಟು ಏನೂ ಕಾಣಲ್ಲ ಅಂತೀರಾ? ಸ್ವಲ್ಪ ಹೊತ್ತು ನೋಡಿ. ಬಲಗಡೆ ಕೋಟೆಯ ಗೋಡೆ ನಿಧಾನಕ್ಕೆ ಹೊರಗೆ ಬರುತ್ತೆ.

ಕವಲೇದುರ್ಗ ತೀರ್ಥಹಳ್ಳಿ ತಾಲೂಕಿನಲ್ಲಿದೆ. ಭುವನಗಿರಿ ಅಂತಲೂ ಹೆಸರು. ಕೆಳದಿ ನಾಯಕರ ಕೋಟೆ. ಗದ್ದೆ ಬದಿಯ ಕಲ್ಲು ಹಾಸಿನ ದಾರಿಯಲ್ಲಿ ಹತ್ತಿ ಹೋದರೆ ಒಂದರ ಹಿಂದೆ ಒಂದು ಸುತ್ತುಗೋಡೆ, ಬಾಗಿಲು, ಒಳಗೆ ಅರಮನೆಯ ಕಲ್ಲಿನ ಅಡಿಪಾಯ, ಕಾಶಿ ವಿಶ್ವನಾಥ ದೇವಸ್ಥಾನ. ಬಿಸಿಲಿನಲ್ಲಿ ಎಲ್ಲರೂ ತೆಗೆದ ಫೋಟೊ ಇದೆ. ನಾವು ಹೋಗಿದ್ದು ಮಳೆಗಾಲದಲ್ಲಿ, ಎರವಲು ತಂದ ಒಂದು ಡಿಎಸ್‌ಎಲ್‌ಆರ್ ಮತ್ತು ಅದರ ಜೊತೆಗೇ ಬಂದಿದ್ದ 18–55 ಲೆನ್ಸ್ ಹಿಡ್ಕೊಂಡು.

ಮಂಜಿನಲ್ಲಿ ಫೋಟೊ ಯಾಕೆ ಕಪ್ಪಗೆ ಬರುತ್ತೆ ಗೊತ್ತಾ? ಕ್ಯಾಮೆರಾದೊಳಗಿನ ಬೆಳಕಿನ ಮೀಟರ್ ಲೋಕವೆಲ್ಲ ಸರಾಸರಿ ಬೂದು ಬಣ್ಣ ಅಂತ ನಂಬ್ಕೊಂಡು ಕೆಲಸ ಮಾಡುತ್ತೆ. ಎದುರಿಗೆ ಪೂರ್ತಿ ಬಿಳಿ ಮಂಜು ಇದ್ದರೆ ಅದನ್ನೂ ಬೂದು ಮಾಡಿಬಿಡುತ್ತೆ. ಹಾಗಾಗಿ ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನೋ ಗುಂಡಿ ಹುಡುಕಿ ಒಂದು ಸ್ಟಾಪ್ ಜಾಸ್ತಿ ಮಾಡಬೇಕು. ಅಷ್ಟೇ. ಮಂಜು ಬಿಳಿಯಾಗುತ್ತೆ, ಒದ್ದೆ ಕಲ್ಲಿನ ಪಾಚಿ ಹಸಿರಾಗುತ್ತೆ. ಟ್ರೈಪಾಡ್ ಇರಲಿಲ್ಲ, ಬ್ಯಾಗ್ ಮೇಲೆ ಕ್ಯಾಮೆರಾ ಇಟ್ಟು ಎರಡು ಸೆಕೆಂಡಿನ ಟೈಮರ್ ಹಾಕಿದೆವು. ಕೈ ನಡುಕ ಫೋಟೊಗೆ ಬರಲಿಲ್ಲ.

ಇನ್ನೊಂದು ಲೆಕ್ಕ ಬರೆದಿಟ್ಕೊಳ್ಳಿ. ಎ4 ಪುಟ ತುಂಬಾ ಫೋಟೊ ಅಚ್ಚು ಹಾಕಬೇಕಂದ್ರೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 2480 × 3508 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದ ಉದ್ದದ ಬದಿ ಸುಮಾರು 1600ಕ್ಕೆ ಇಳಿಯುತ್ತೆ. ಮೊಬೈಲ್‌ನಲ್ಲಿ ಚೆಂದ ಕಾಣುತ್ತೆ, ಪುಟದಲ್ಲಿ ಮಸುಕು. ಫೋಟೊ ಕಳಿಸೋರು ದಯವಿಟ್ಟು ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ.

3/6
ಇದು ಸ್ಕ್ರೀನ್‌ಶಾಟ್. ಮೇಲಿನ ಸಾಲಿನಲ್ಲಿ "ದುರ್‌ಗ", ಕೆಳಗಿನ ಸಾಲಿನಲ್ಲಿ "ದುರ್ಗ". ಇವೆರಡರ ನಡುವೆ ನಮ್ಮ ಒಂದು ವಾರ ಹೋಗಿದೆ.

ಬಂದ ಲೇಖನಗಳಲ್ಲಿ ಅರ್ಧದಷ್ಟು ನುಡಿಯ ಹಳೇ ಫಾಂಟ್‌ನಲ್ಲಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ "ಕನ್ನಡ" ಅನ್ನೋ ಪದ ಇರೋ ಜಾಗದಲ್ಲಿ ದೊಡ್ಡ ಪಿ, ಟೊಪ್ಪಿ ಹಾಕಿದ ಎ, ಪೌಂಡ್ ಚಿಹ್ನೆ! ಕೆಟ್ಟಿರೋದು ಫೈಲಲ್ಲ. ಆ ಕಾಲದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡಕ್ಕೆ ಅಂತಲೇ 128 ಸ್ಥಾನಗಳ ಸ್ವಂತ ಮನೆ ಇದೆ. ಒಂದರಿಂದ ಇನ್ನೊಂದಕ್ಕೆ ಸಾಗಿಸೋಕೆ ಪರಿವರ್ತಕಗಳಿವೆ. ನಾವು ಬಳಸಿದ್ದು ಅರವಿಂದ ವಿ.ಕೆ. ಅವರು ಮಾಡಿ ಎಲ್ಲರಿಗೂ ಉಚಿತವಾಗಿ ಕೊಟ್ಟಿರೋದನ್ನ.

ತೊಡಕು ಬರೋದು ಅರ್ಕಾವೊತ್ತಿನಲ್ಲಿ. ನಾವು ಬಾಯಲ್ಲಿ ಹೇಳೋದು ಮೊದಲು ರ್, ಆಮೇಲೆ ಗ. ಬರೆಯೋದು ಮೊದಲು ಗ, ಪಕ್ಕದಲ್ಲಿ ಅರ್ಕಾವೊತ್ತು. ಹಳೇ ಫಾಂಟ್ ಬರೆಯೋ ಕ್ರಮ ಇಟ್ಕೊಂಡಿದೆ, ಯೂನಿಕೋಡ್ ಹೇಳೋ ಕ್ರಮ ಇಟ್ಕೊಂಡಿದೆ. ಪರದೆ ಮೇಲೆ ಸರಿಯಾಗಿ ಜೋಡಿಸೋ ಕೆಲಸ ಸಾಫ್ಟ್‌ವೇರ್‌ದು. ಇನ್‌ಡಿಸೈನ್‌ನಲ್ಲಿ ಅದಕ್ಕೆ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು, ಇಲ್ಲದಿದ್ರೆ ದುರ್ಗ ಒಡೆದು ದುರ್‌ಗ ಆಗುತ್ತೆ. ನಮ್ಮ ಹತ್ರ ಇನ್‌ಡಿಸೈನ್‌ಗೆ ದುಡ್ಡಿರಲಿಲ್ಲ. 2024ರ ಜನವರಿ 1ರಂದು ಬಂದ ಸ್ಕ್ರೈಬಸ್ 1.6 ಉಚಿತ, ಕನ್ನಡದ ಒತ್ತಕ್ಷರಗಳನ್ನೂ ಸರಿಯಾಗಿ ಜೋಡಿಸುತ್ತೆ. ಅದನ್ನೇ ಹಾಕ್ಕೊಂಡೆವು. ಅವತ್ತಿಂದ "ಕವಲೇದುರ್ಗ" ನಮ್ಮ ಪರೀಕ್ಷಾ ಪದ. ಯಾವ ಫಾಂಟ್ ಬಂದರೂ ಮೊದಲು ಅದನ್ನು ಟೈಪ್ ಮಾಡಿ ನೋಡೋದು.

4/6
ಈ ಭಾಗ ಓದದೆ ಹೋಗಬೇಡಿ.

ಲೇಖನ ಕರೆಯೋ ನೋಟಿಸ್‌ನಲ್ಲಿ ವರ್ಷವರ್ಷ ಒಂದು ಸಾಲು ಇರುತ್ತಿತ್ತು: "ಟೈಪ್ ಮಾಡಿದ ಪ್ರತಿಯನ್ನು ಮಾತ್ರ ಸ್ವೀಕರಿಸಲಾಗುವುದು." ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ. ಕೊನೇ ದಿನ ಒಬ್ಬ ಗೆಳತಿ ಬಂದು ಮಡಚಿದ ಆರು ಹಾಳೆ ಕೊಟ್ಟು, "ತಗೊಳ್ಳಲ್ಲ ಅಂತ ಗೊತ್ತು, ಓದಿ ವಾಪಸ್ ಕೊಡಿ ಸಾಕು" ಅಂದಳು. ಅವಳ ಅಜ್ಜಿ ಮನೆ ಕೋಟೆಯ ತಪ್ಪಲಿನ ಕಡೆ. ಅವಳು ರಾಜರ ಬಗ್ಗೆ ಬರೆದಿರಲಿಲ್ಲ. ಆರಿದ್ರಾ ಮಳೆಯಲ್ಲಿ ಆ ಗುಡ್ಡ ಹೇಗಿರುತ್ತೆ, ಪುನರ್ವಸುವಿನಲ್ಲಿ ಹೇಗೆ, ಆಶ್ಲೇಷದಲ್ಲಿ ಹೇಗೆ, ಮತ್ತೆ ಬರೋ ಪ್ರವಾಸಿಗಳೆಲ್ಲ ಅಜ್ಜಿಯ ಹತ್ರ "ಇನ್ನೆಷ್ಟು ದೂರ" ಅಂತ ಬಿಟ್ಟು ಬೇರೇನನ್ನೂ ಯಾಕೆ ಕೇಳಲ್ಲ ಅಂತ ಬರೆದಿದ್ದಳು.

ಸಂಚಿಕೆಯಲ್ಲಿ ಅದಕ್ಕಿಂತ ಒಳ್ಳೇ ಬರಹ ಇಲ್ಲ. ಆ ಒಂದು ಸಾಲಿನ ನಿಯಮದಿಂದ ಅದು ಹೊರಗೇ ಉಳೀತಿತ್ತು. ಲ್ಯಾಪ್‌ಟಾಪ್ ಇರೋರು ಮಾತ್ರ ಬರೀಬೇಕು ಅಂತ ಯಾರೂ ಬಾಯಿಬಿಟ್ಟು ಹೇಳಿಲ್ಲ, ಆದ್ರೆ ಆ ಸಾಲು ಹೇಳ್ತಿದ್ದಿದ್ದು ಅದನ್ನೇ ಅಲ್ವಾ?

ಒಂದು ವಿಷಯ ಕೇಳಿ. ಕನ್ನಡದ ಮೊದಲ ಪತ್ರಿಕೆ "ಮಂಗಳೂರು ಸಮಾಚಾರ". ಹರ್ಮನ್ ಮೋಗ್ಲಿಂಗ್ ಅದನ್ನು ಶುರು ಮಾಡಿದ್ದು 1843ರ ಜುಲೈ 1ರಂದು. ಅದು ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚು ಅಂದ್ರೆ ಕೈಬರಹವನ್ನೇ ಕಲ್ಲಿನ ಮೇಲೆ ಮೂಡಿಸಿ ಅಚ್ಚು ಹಾಕೋದು. ಮೊಳೆ ಇಲ್ಲ, ಫಾಂಟ್ ಇಲ್ಲ. ನಮ್ಮ ಪತ್ರಿಕೆಗಳ ಚರಿತ್ರೆ ಕೈಬರಹದಿಂದಲೇ ಶುರುವಾಗಿರುವಾಗ ಕಾಲೇಜು ಸಂಚಿಕೆಗೆ ಕೈಬರಹ ಬೇಡ ಅನ್ನೋದು ಯಾವ ನ್ಯಾಯ?

ಆ ಸಾಲು ತೆಗೆಸಿದೆವು, ಕೊನೇ ದಿನ ಮುಂದಕ್ಕೆ ಹಾಕಿಸಿದೆವು. ಹತ್ತಾರು ಕೈಬರಹ ಬಂತು. ಟೈಪ್ ಮಾಡೋಕೆ ಕೈ ಸಾಲಲಿಲ್ಲ. ಆಗ ಅದೇ ಗೆಳತಿ ಕಂಪ್ಯೂಟರ್ ಮುಂದೆ ಕೂತಳು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ತರ್ಕ ಎಷ್ಟು ಸರಳ ನೋಡಿ: ಕ ಬೇಕಾದ್ರೆ ಕೆ, ಗ ಬೇಕಾದ್ರೆ ಜಿ, ಒತ್ತು ಕೊಡೋಕೆ ನಡುವೆ ಎಫ್. ಮೂರನೇ ದಿನಕ್ಕೆ ಅವಳು ಕೀಲಿ ನೋಡದೆ ಹೊಡೀತಿದ್ದಳು. ಪುನರ್ವಸು "ಪುನರ್‌ವಸು" ಆಗದೆ ಪುಟದಲ್ಲಿ ಕೂತಾಗ ಅವಳು ನಕ್ಕಿದ್ದನ್ನ ಫೋಟೊ ತೆಗೆಯೋಕೆ ಬಿಡಲಿಲ್ಲ, ಅದಕ್ಕೇ ಇಲ್ಲಿ ಬರೀ ಕೀಬೋರ್ಡಿನ ಫೋಟೊ ಇದೆ.

5/6
ಮಡಚಿದ ಕಾಗದದ ಪುಟಾಣಿ ಪುಸ್ತಕ ಕಾಣ್ತಿದ್ಯಲ್ಲ, ಅದು ನಮ್ಮ ನಕಲು ಸಂಚಿಕೆ. ಮಧ್ಯ ಪಿನ್ ಹೊಡೆಯೋ ಪುಸ್ತಕದಲ್ಲಿ ಪುಟ ಯಾವಾಗಲೂ ನಾಲ್ಕರ ಗುಣಕ ಇರಬೇಕು, ಒಂದು ಹಾಳೆ ಮಡಚಿದರೆ ನಾಲ್ಕು ಪುಟ ಆಗೋದರಿಂದ. 64 ಪುಟದಲ್ಲಿ ಮೊದಲನೇ ಪುಟದ ಪಕ್ಕ ಅಚ್ಚಾಗೋದು 64, ಎರಡರ ಪಕ್ಕ 63, ಮೂರರ ಪಕ್ಕ 62. ಯಾವ ಜೋಡಿ ಕೂಡಿಸಿದರೂ 65. ಹದಿನಾರು ಹಾಳೆ ಮಡಚಿ ಪೆನ್ಸಿಲ್‌ನಲ್ಲಿ ಅಂಕಿ ಹಾಕಿ ನೋಡಿ, ಯೂಟ್ಯೂಬ್ ವಿಡಿಯೊ ಬೇಕಾಗಲ್ಲ.

ಸಾಲಿನ ಅಂತರ: ಇಂಗ್ಲಿಷ್ ಪುಟದ ಅಳತೆ ಕನ್ನಡಕ್ಕೆ ಆಗಿಬರಲ್ಲ. "ರಾಷ್ಟ್ರ" ಅಂತ ಬರೆದು ನೋಡಿ, ಒತ್ತುಗಳು ಎಷ್ಟು ಕೆಳಗೆ ಇಳೀತಾವೆ! ಕೆಳಗಿನ ಸಾಲಿನ ಗುಡಿಸು, ದೀರ್ಘಕ್ಕೆ ಹೋಗಿ ತಾಗುತ್ತೆ. ನಾವು 11 ಪಾಯಿಂಟ್ ಅಕ್ಷರಕ್ಕೆ 17 ಪಾಯಿಂಟ್ ಅಂತರ ಕೊಟ್ಟೆವು. ಪುಟ ಉಸಿರಾಡೋಕೆ ಶುರು ಮಾಡ್ತು.

ಅಂಚು ಮುಟ್ಟೋ ಫೋಟೊವನ್ನು ಸುತ್ತ 3 ಮಿಲಿಮೀಟರ್ ಹೊರಗೆ ಎಳೀಬೇಕು, ಕತ್ತರಿಸುವಾಗ ಬಿಳಿ ಗೆರೆ ಉಳಿಯಬಾರದು ಅಂದ್ರೆ. ಪಿಡಿಎಫ್ ಮಾಡುವಾಗ ಫಾಂಟ್‌ಗಳನ್ನು ಒಳಗೇ ಸೇರಿಸಿ. ಕೊನೆಗೆ ಒಂದು ಪ್ರತಿ ಕಾಗದದ ಮೇಲೆ ತೆಗೆದು ಪ್ರತಿಯೊಬ್ಬ ಲೇಖಕರಿಗೂ ಅವರವರ ಹೆಸರು ತೋರಿಸಿ, ಸರಿ ಇದೆ ಅಂತ ಸಹಿ ಹಾಕಿಸಿ. ಹೆಚ್ಚಿನವರಿಗೆ ಹೆಸರು ಅಚ್ಚಾಗೋದು ಇದೇ ಮೊದಲು. ಮನೇಲಿ ಅಮ್ಮ ಓದೋದು ಲೇಖನಕ್ಕಿಂತ ಮೊದಲು ಆ ಹೆಸರನ್ನ.

6/6
ಕೊನೇ ಫೋಟೊ ಸಿ.ಡಿ.ಗಳದ್ದು. ಹಿಂದಿನ ಸಂಚಿಕೆಗಳನ್ನು ಹುಡುಕುವಾಗ ಬೀರುವಿನಲ್ಲಿ ಸಿಕ್ಕವು, ಪೇಜ್‌ಮೇಕರ್ ಕಾಲದವು. ಒಂದೆರಡು ಓದಲೇ ಇಲ್ಲ. ಓದಿದ್ದರಲ್ಲಿ ಫೈಲ್ ಇದೆ, ತೆರೆಯೋ ಸಾಫ್ಟ್‌ವೇರ್ ಇಲ್ಲ, ಫಾಂಟ್ ಇಲ್ಲ. ಅದಕ್ಕೂ ಹಳೇ, ಮೊಳೆ ಜೋಡಿಸಿ ಅಚ್ಚು ಹಾಕಿದ ಸಂಚಿಕೆಗಳು ಮಾತ್ರ ಗ್ರಂಥಾಲಯದಲ್ಲಿ ಆರಾಮಾಗಿ ಓದೋಕೆ ಸಿಗ್ತಾವೆ. ಸಾಗರ ತಾಲೂಕಿನ ಕೆಳದಿಯಲ್ಲಿ ಗುಂಡಾ ಜೋಯಿಸ್ ಅವರು ಕಟ್ಟಿದ ವಸ್ತು ಸಂಗ್ರಹಾಲಯಕ್ಕೆ ಹೋದರೆ ತಾಳೆಗರಿ ಇನ್ನೂ ನೋಡಬಹುದು. ತಾಳೆಗರಿಗಿಂತ ಮೊದಲು ಹಾಳಾಗೋದು ನಮ್ಮ ಪೆನ್‌ಡ್ರೈವ್.

ಅದಕ್ಕೆ ನಾವು ಮಾಡಿದ್ದು ಇಷ್ಟು. ಎಲ್ಲ ಲೇಖನ ಯೂನಿಕೋಡ್‌ನ ಸಾದಾ ಪಠ್ಯದಲ್ಲಿ, ಪುಟಗಳು ಪಿಡಿಎಫ್‌ನಲ್ಲಿ, ಫೋಟೊಗಳು ಪೂರ್ತಿ ಅಳತೆಯಲ್ಲಿ. ಮೂರು ಪ್ರತಿ, ಮೂರು ಬೇರೆ ಬೇರೆ ಜಾಗದಲ್ಲಿ. ಕೈಬರಹದ ಹಾಳೆಗಳನ್ನು ಎಸೆದಿಲ್ಲ, ಸ್ಕ್ಯಾನ್ ಮಾಡಿ ಕಟ್ಟಿ ಗ್ರಂಥಾಲಯಕ್ಕೆ ಕೊಟ್ಟಿದ್ದೀವಿ. ನಾವು ಕಲಿತಿದ್ದನ್ನೆಲ್ಲ ನಾಲ್ಕು ಪುಟದಲ್ಲಿ ಬರೆದು ಅದರ ಜೊತೆಗಿಟ್ಟಿದ್ದೀವಿ, ಯಾವ ಗುಂಡಿ ಎಲ್ಲಿದೆ ಅನ್ನೋದರ ಸಮೇತ.

ಈಗ ನಿಮ್ಮ ಸರದಿ. ಬೇರೆ ಕಾಲೇಜಿನವರಾದರೆ ನಿಮ್ಮ ಗ್ರಂಥಾಲಯದಲ್ಲಿ ಹಳೇ ಸಂಚಿಕೆಗಳು ಎಲ್ಲಿವೆ ಅಂತ ಈ ವಾರವೇ ಕೇಳಿ, ಸಿಕ್ಕರೆ ಒಂದು ಫೋಟೊ ಹಾಕಿ ನನಗೆ ಟ್ಯಾಗ್ ಮಾಡಿ. ನಮ್ಮ ಕಾಲೇಜಿನ ಜೂನಿಯರ್‌ಗಳೇ, ಸ್ಕ್ರೈಬಸ್ ಹಾಕ್ಕೊಂಡು "ಕವಲೇದುರ್ಗ" ಅಂತ ಟೈಪ್ ಮಾಡಿ ನೋಡಿ. ಅರ್ಕಾವೊತ್ತು ಸರಿ ಬಂದರೆ ಮೆಸೇಜ್ ಹಾಕಿ. ಬರದಿದ್ದರೂ ಹಾಕಿ, ಕೂತು ನೋಡೋಣ.